ಒಂದು ಸೇರು ತೌಡು

ಹಳೇಬೀಡಿನಲ್ಲಿ ಬಸ್ಸಿಳಿದು ಆಟೋಗೆ ಕಾಯುತ್ತಿದ್ದೆ. ಬೆನ್ನ ಹಿಂದೆ ಹಿಂಡಿ, ಬೂಸಾ ಮಾರುವ ಅಂಗಡಿ. ಅಂಗಡಿಯವನು ಮೂಟೆಯ ಬಾಯಿ ಬಿಚ್ಚಿ ಮೊರಕ್ಕೆ ತೌಡು ಸುರಿದ. ಅಕ್ಕಿ ತೌಡಿನ ಆ ಸಿಹಿಯಾದ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಎಂಬತ್ತು ದಾಟಿದ ಮಂಡಿಗಳ ನೋವೂ ಮರೆತುಹೋಯಿತು. ಏನ್ ಬೇಕಜ್ಜಿ ಎಂದು ಅವನು ಕೇಳಿದ. ಏನೂ ಬೇಡಪ್ಪ ಎಂದೆ. ಮನೆಯಲ್ಲಿ ಹಸುವಿಲ್ಲ, ಕರುವಿಲ್ಲ, ತೌಡು ಕೊಂಡು ನಾನೇನು ಮಾಡಲಿ? ಹಾಗಿದ್ದೂ ಸೇರಿಗೆ ಎಷ್ಟು ಎಂದು ಕೇಳಿಯೇ ಬಿಟ್ಟೆ. ಈಗ ಸೇರಿನ ಲೆಕ್ಕ ಯಾರಿಗೆ ಗೊತ್ತು? ಅವನು ನಕ್ಕು ಕೆ.ಜಿ. ಲೆಕ್ಕ ಹೇಳಿದ. ಒಂದು ಸೇರು ತೌಡು ಕೊಟ್ಟು ನಾನು ಒಂದು ಕಾಲದಲ್ಲಿ ಏನು ಕೊಂಡಿದ್ದೆ ಎಂದು ಹೇಳಿದ್ದರೆ ಅವನು ಅಂಗಡಿ ಬಿಟ್ಟು ಎದ್ದು ಬರುತ್ತಿದ್ದನೋ ಏನೋ.

ನಾನು ಹೊರಟಿದ್ದದ್ದು ನನ್ನ ಮೊದಲ ಶಾಲೆಗೆ. ಈಗ ಅಲ್ಲಿರುವ ಟೀಚರು ಸಣ್ಣ ವಯಸ್ಸಿನ ಹುಡುಗಿ, ಹೆಸರು ಪವಿತ್ರ. ಹೊಸ ಶಿಕ್ಷಣ ನೀತಿ ಬಂದಿದೆಯಲ್ಲ, ಹಳೆಯ ದಾಖಲಾತಿ ಪುಸ್ತಕಗಳನ್ನೂ ಒಪ್ಪವಾಗಿ ಕಂಪ್ಯೂಟರಿಗೆ ಹಾಕಿಡೋಣವೆಂದು ಕೂತಿದ್ದಾಗ ಅವಳಿಗೆ ಒಂದು ಸಾಲು ಅರ್ಥವಾಗಲಿಲ್ಲವಂತೆ. ಆ ಸಾಲಿನಲ್ಲಿ ನನ್ನ ಹೆಸರಿತ್ತು. ಯಾರು ಯಾರನ್ನೋ ಕೇಳಿ, ಅರಸೀಕೆರೆಯ ನಮ್ಮ ಮನೆಯ ಫೋನ್ ನಂಬರು ಹುಡುಕಿ, ವಾರ್ಷಿಕೋತ್ಸವಕ್ಕೆ ನೀವು ಬರಲೇಬೇಕು ಎಂದು ಹಟ ಹಿಡಿದಳು.

ಶಾಲೆ ಇರುವುದು ಹುಲಿಕೆರೆಯಿಂದ ಒಂದು ಮೈಲಿ ಆಚೆ, ಒಂದು ಸಣ್ಣ ಊರಿನಲ್ಲಿ. ಊರಿನ ಹೆಸರು ಬೇಡ. ನನ್ನ ದಡ್ಡತನದ ಕಥೆ ಹೇಳಲು ಊರಿನ ಹೆಸರು ಯಾಕೆ ಕೆಡಿಸಬೇಕು? ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮದು ಹಾರನಹಳ್ಳಿ, ಅಪ್ಪ ದೇವಸ್ಥಾನದ ಅರ್ಚಕರು. ಟ್ರೇನಿಂಗ್ ಮುಗಿಸಿದ ಮಗಳು ಕೆಲಸಕ್ಕೆ ಹೋಗುವುದು ಅವರಿಗೆ ಅಷ್ಟೇನೂ ಹಿಡಿಸಿರಲಿಲ್ಲ. ಬೇಲೂರಿನ ಕಡೆ ಒಂದು ಸಂಬಂಧ ನೋಡಿದ್ದರು. ಮಾತು ಕುದುರುವ ತನಕ ಹೋಗಿ ಬಾ ಎಂದು ಒಪ್ಪಿದರು. ಹೀಗೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ಡಜನ್ ನೂಲುವ ತಕಲಿಗಳ ಸಮೇತ ಇಪ್ಪತ್ತರ ಶಾರದೆ ಆ ಊರಿಗೆ ಬಂದಿಳಿದಳು.

ತಕಲಿ ಯಾಕೆಂದರೆ ಆಗ ಮೂಲಶಿಕ್ಷಣದ ಕಾಲ. ಕೈ ಕೆಲಸದಿಂದಲೇ ಲೆಕ್ಕ ಬರಬೇಕು, ಊರಿನ ಕೆರೆಯಿಂದಲೇ ಭೂಗೋಳ ಬರಬೇಕು, ಮಗು ಕಣ್ಣಾರೆ ಕಂಡದ್ದರಿಂದ ಪಾಠ ಹುಟ್ಟಬೇಕು ಎಂದು ಟ್ರೇನಿಂಗಿನಲ್ಲಿ ನಮಗೆ ಅರೆದು ಕುಡಿಸಿದ್ದರು. ಮಗು ಕೈಯಿಂದ ಕಲಿಯಬೇಕು ಎಂಬುದನ್ನು ನಾವು ಮಾತ್ರ ನೋಟ್ಸ್ ಬರೆದು ಕಲಿತಿದ್ದೆವು. ಇದರ ಮೇಲೆ ಆ ವರ್ಷ ಕಡ್ಡಾಯ ಶಿಕ್ಷಣವೂ ಬಂತು. ಹೆಡ್ ಮೇಷ್ಟ್ರು ನಂಜುಂಡಯ್ಯನವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಸುತ್ತೋಲೆಯನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದರು. ಆರು ತುಂಬಿದ ಒಂದು ಮಗುವೂ ಶಾಲೆಯ ಹೊರಗೆ ಉಳಿಯಕೂಡದು. ಹೆಣ್ಣುಮಕ್ಕಳ ಕಡೆ ವಿಶೇಷ ಗಮನವಿರಬೇಕು. ಮನೆಮನೆಗೆ ಹೋಗಿ ಪಟ್ಟಿ ಮಾಡಬೇಕು. ಕಳಿಸದ ತಂದೆತಾಯಿಗೆ ನೋಟೀಸು ಕೊಡಬೇಕು. ನನಗೆ ಮೈ ಜುಮ್ಮೆಂದಿತು. ಮೇಷ್ಟ್ರು ಕಾಗದ ಮಡಚುತ್ತಾ, "ದಿಲ್ಲೀಲಿ ಬರೆದಿದ್ದು ನಮ್ಮೂರಿಗೆ ಬರೋ ಹೊತ್ತಿಗೆ ಮಳೇಲಿ ನೆಂದಿರುತ್ತಮ್ಮ. ಸ್ವಲ್ಪ ಒಣಗಿಸಿಕೊಂಡು ಓದಬೇಕು" ಎಂದರು. ಅವರಿಗೆ ಉತ್ಸಾಹವಿಲ್ಲ, ಮುದುಕರಾದರು ಎಂದುಕೊಂಡೆ. ಅವರಿಗೆ ಆಗ ನಲವತ್ತೈದು ಇದ್ದಿರಬಹುದು.

ಪಟ್ಟಿ ಮಾಡುವ ವಾರ ಅವರು ಯಾವುದೋ ಮೀಟಿಂಗಿಗೆಂದು ಹಾಸನಕ್ಕೆ ಹೋದರು. ಒಬ್ಬಳೇ ಮಾಡಿ ಮುಗಿಸುತ್ತೇನೆ ಎಂದು ನಾನು ಹೇಳಿದೆ. ಮುಂಗಾರು ಹಿಡಿದಿತ್ತು. ಊರಿನವರೆಲ್ಲ ರಾಗಿ ಬಿತ್ತನೆಯ ಗಡಿಬಿಡಿಯಲ್ಲಿದ್ದರು. ಕೆಸರಿನಲ್ಲಿ ಸೀರೆ ನೆರಿಗೆ ಎತ್ತಿ ಹಿಡಿದು, ಬಗಲಲ್ಲಿ ಪುಸ್ತಕ ಇರುಕಿಕೊಂಡು ಮನೆಮನೆ ಹತ್ತಿ ಇಳಿದೆ. ಪಟ್ಟಿ ಎಂದರೆ ಜನಕ್ಕೆ ಹೆದರಿಕೆ. ಲೆವಿ ಧಾನ್ಯಕ್ಕೋ, ಸೂಜಿ ಚುಚ್ಚುವುದಕ್ಕೋ, ಜಮೀನು ಅಳೆಯುವುದಕ್ಕೋ ಇರಬೇಕೆಂದು ಅರ್ಧ ಜನ ಬಾಗಿಲು ಮುಚ್ಚಿಕೊಂಡರು. ಸಿದ್ದಮ್ಮ ಎಂಬಾಕೆಗೆ ಅಂಗಳದ ತುಂಬ ಮಕ್ಕಳು. ಎಷ್ಟಮ್ಮ ಎಂದರೆ ಸೆರಗು ಬಾಯಿಗೆ ಒತ್ತಿಕೊಂಡು, "ಮಕ್ಳನ್ನ ಎಣಿಸ್ಬಾರ್ದು ಕಣ್ರವ್ವ" ಎಂದಳು. ನಾನೇ ಅಂದಾಜಿನ ಮೇಲೆ ಬರೆದುಕೊಂಡೆ.

ಪಕ್ಕದ ಮನೆ ಬೋರೇಗೌಡರದ್ದು. ಹೆಂಡತಿ ಕಾಳಮ್ಮ ಒನಕೆ ಹಿಡಿದು ಭತ್ತ ಕುಟ್ಟುತ್ತಿದ್ದಳು. ಒರಳಿನ ಪಕ್ಕದಲ್ಲಿ ಏಳು ವರ್ಷದ ಒಂದು ಹುಡುಗಿ ಕೂತು ಕೇರುತ್ತಿತ್ತು. ಮಕ್ಕಳೆಷ್ಟು ಎಂದು ಕೇಳಿದೆ. ಮಕ್ಕಳಿಲ್ಲ ಎಂದಳು. ಮತ್ತೆ ಇದು ಯಾರ ಮಗು ಎಂದರೆ, ಅದು ತಿಪ್ಪೇಲಿ ಸಿಕ್ಕಿದ್ದು, ಪಕ್ಕದ ಸಿದ್ದಮ್ಮನ ಮನೆಯದು ಎಂದು ನನ್ನ ಮುಖ ನೋಡದೆ ಹೇಳಿದಳು. ವಾಪಸು ಸಿದ್ದಮ್ಮನ ಮನೆಗೆ ಹೋದೆ. ಆಕೆ ನಕ್ಕು, ನಮ್ಮನೇದಲ್ಲ ಕಣ್ರವ್ವ, ಉಣ್ಣೋದು ಮಲಗೋದು ಎಲ್ಲಾ ಅಲ್ಲೇ ಎಂದಳು. ಮಳೆ ಜೋರಾಯಿತು. ಯಾರೋ ನೆಂಟರ ಮಗು, ಬಿತ್ತನೆ ಮುಗಿದ ಮೇಲೆ ತನ್ನೂರಿಗೆ ಹೋಗುತ್ತದೆ ಎಂದು ನಾನೇ ತೀರ್ಮಾನ ಮಾಡಿ, ಎರಡು ಮನೆಗೂ ಬರೆಯದೆ ಮುಂದಿನ ಬಾಗಿಲಿಗೆ ನಡೆದೆ. ಆ ಹುಡುಗಿ ಮೊರ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಹೆಸರೊಂದನ್ನು ಕೇಳಿ ಬರೆದುಕೊಳ್ಳಲು ನನಗೇನು ಬಂದಿತ್ತು ಧಾಡಿ?

ಪಟ್ಟಿಯಲ್ಲಿದ್ದ ಮಕ್ಕಳನ್ನೆಲ್ಲ ಕಾಡಿ ಬೇಡಿ ಶಾಲೆಗೆ ತಂದೆ. ಕೂಸು ನೋಡಿಕೊಳ್ಳುವ ಹೆಣ್ಣುಮಕ್ಕಳಿಗೆ, ಕೂಸನ್ನೂ ಎತ್ತಿಕೊಂಡು ಬನ್ನಿ ಎಂದೆ. ಒಬ್ಬಳು ಮಗ್ಗಿ ಹೇಳಿದರೆ ಅವಳ ಸೊಂಟದ ಕೂಸು ತಕಲಿ ಕಚ್ಚುತ್ತಿತ್ತು. ಆಷಾಢದ ಗಾಳಿಗೆ ಹೆಂಚು ಹಾರಿದಾಗ ಅಷ್ಟೂ ಜನ ಒಂದೇ ಮೂಲೆಗೆ ಒತ್ತಿಕೊಂಡು ಕೂರುತ್ತಿದ್ದೆವು. ಅಷ್ಟು ಸಂತೋಷ ನನಗೆ ಆಮೇಲೆ ಯಾವ ದೊಡ್ಡ ಶಾಲೆಯಲ್ಲೂ ಸಿಗಲಿಲ್ಲ.

ಶ್ರಾವಣದಲ್ಲಿ ಇನ್‌ಸ್ಪೆಕ್ಟರು ಬಂದರು. ಪುಸ್ತಕ ನೋಡಿ, ಪಟ್ಟಿಯ ಮಕ್ಕಳೆಲ್ಲ ಹಾಜರಿರುವುದನ್ನು ಕಂಡು, ನೂರಕ್ಕೆ ನೂರು ಎಂದು ಭೇಟಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದರು. ಇನ್ನೊಂದು ಕೋಣೆಗೆ ಶಿಫಾರಸು ಮಾಡುತ್ತೇನೆ ಎಂದರು. ನಾನು ನೆಲದ ಮೇಲೆ ನಿಂತಿರಲಿಲ್ಲ. ಸಾಲದ್ದಕ್ಕೆ, ಪರಿಸರದ ಪಾಠ ತೋರಿಸುತ್ತೇನೆಂದು ಅವರನ್ನೂ ಮಕ್ಕಳನ್ನೂ ಹುಲಿಕೆರೆಯ ಕಲ್ಯಾಣಿಗೆ ನಡೆಸಿಕೊಂಡು ಹೋದೆ. ಮೆಟ್ಟಿಲಿಳಿಯುವ ಆ ಕೊಳದ ಸುತ್ತ ಪುಟ್ಟಪುಟ್ಟ ಕಲ್ಲಿನ ಗುಡಿಗಳಿವೆ. ಗುಡಿಗಳೆಷ್ಟು ಎಣಿಸಿ ಎಂದೆ. ಮಕ್ಕಳು ಗುಂಪುಗುಂಪಾಗಿ ಓಡಿದವು. ಒಂದು ಗುಂಪಿನ ಲೆಕ್ಕ ಇನ್ನೊಂದಕ್ಕೆ ಕೂಡಲಿಲ್ಲ. ಎಲ್ಲಿಂದ ಶುರು ಮಾಡಿದ್ದು ಎಂಬುದೇ ಮರೆತು, ಸುತ್ತಿದ್ದನ್ನೇ ಸುತ್ತಿ, ಜಗಳ ಹತ್ತಿತು.

ಆಗ ಮೇಲಿನ ಮೆಟ್ಟಿಲಿಂದ ಒಬ್ಬಳು ಇಳಿದು ಬಂದಳು. ಕೈಯಲ್ಲಿ ಕರುವಿನ ಹಗ್ಗ. ಲಂಗದ ಮಡಿಲು ಭಾರವಾಗಿ ಜೋತುಬಿದ್ದಿತ್ತು. ಇನ್‌ಸ್ಪೆಕ್ಟರ ಮುಂದೆ ಬಂದು ಮಡಿಲು ಬಿಚ್ಚಿದಳು. ಒಳಗೆ ಕಲ್ಲುಹರಳು. ಒಂದೊಂದು ಗುಡಿಗೆ ಒಂದೊಂದು ಹರಳು ಇಟ್ಟುಕೊಂಡು ಹೋಗಿ, ಸುತ್ತು ಮುಗಿದ ಮೇಲೆ ಅಷ್ಟನ್ನೂ ಆರಿಸಿಕೊಂಡು ಬಂದಿದ್ದಳು.

"ಎಷ್ಟು ಅನ್ನಕ್ಕೆ ಬರಲ್ಲ ನಂಗೆ," ಎಂದಳು. "ಇಷ್ಟು."

ಇನ್‌ಸ್ಪೆಕ್ಟರು ಆ ಹರಳುಗಳ ಮುಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟರು. ನಾವು ಇಷ್ಟು ವರ್ಷ ಬಾಯಲ್ಲಿ ಹೇಳುತ್ತಿರುವುದು ಇದನ್ನೇ ಕಣಮ್ಮ ಎಂದು ನನ್ನತ್ತ ತಿರುಗಿ ಹೇಳಿ, ಯಾವ ತರಗತಿ ಮರಿ ನೀನು ಎಂದು ಅವಳನ್ನು ಕೇಳಿದರು.

"ನನ್ನ ಹೆಸ್ರು ಬರ್ಕಂಡಿಲ್ಲ ಮೇಷ್ಟ್ರಮ್ಮ."

ಕಾಳಮ್ಮನ ಒರಳಿನ ಪಕ್ಕ ಕೂತಿದ್ದ ಆ ಹುಡುಗಿ ಹೇಳಿದ್ದು ಇಷ್ಟೇ. ದೂರು ಹೇಳುವ ದನಿಯೂ ಅಲ್ಲ. ನನಗೆ ಮಾತ್ರ ಭೂಮಿ ಬಾಯಿ ಬಿಟ್ಟರೆ ಸಾಕು ಎನ್ನಿಸಿತು. ಇನ್‌ಸ್ಪೆಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹೊರಡುವಾಗ, ಪಟ್ಟಿ ಮೇಲಕ್ಕೆ ಹೋಗಲು ಎಂಟು ದಿನವಿದೆ, ಅಷ್ಟರೊಳಗೆ ಆ ಮಗುವಿನ ಹೆಸರು ಸೇರಿದರೆ ಸರಿ, ಸೇರದಿದ್ದರೆ ತಾವು ಬರೆದ ನೂರಕ್ಕೆ ನೂರನ್ನು ತಾವೇ ಹೊಡೆದುಹಾಕಬೇಕಾಗುತ್ತದೆ ಎಂದರು. ಪಟ್ಟಿ ಮುಚ್ಚಿದರೆ ಆ ವರ್ಷ ಮತ್ತೆ ಸೇರಿಸುವ ಹಾಗಿರಲಿಲ್ಲ. ಬರುವ ವರ್ಷದ ಹೊತ್ತಿಗೆ ಎಂಟು ವರ್ಷದ ಹುಡುಗಿ ಮನೆಗೆಲಸಕ್ಕೆ ಪೂರ್ತಿ ಒಗ್ಗಿರುತ್ತಾಳೆ. ಆಮೇಲೆ ಬಿಡಿಸಿಕೊಂಡು ಬರುವುದು ಯಾರಿಂದಲೂ ಆಗದ ಮಾತು.

ನಂಜುಂಡಯ್ಯನವರಿಗೆ ಎಲ್ಲ ಹೇಳಿದೆ. ಅವರು ತಲೆ ಚಚ್ಚಿಕೊಂಡರು. ಆ ಸೀಮೆಯ ಪದ್ಧತಿ ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಹುಟ್ಟಿದ ಮಕ್ಕಳು ಉಳಿಯದಿದ್ದರೆ, ಮುಂದಿನ ಕೂಸನ್ನು ಹೆತ್ತವಳು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಬಿಡುತ್ತಾಳೆ. ಮಕ್ಕಳು ಉಳಿದಿರುವ ಗಟ್ಟಿ ಹೊಟ್ಟೆಯವಳೊಬ್ಬಳು ಒಂದು ಸೇರು ತೌಡು ಕೊಟ್ಟು ಅದನ್ನು ಕೊಳ್ಳುತ್ತಾಳೆ. ಅಲ್ಲಿಂದಾಚೆ ಕೂಸು ಕೊಂಡವಳದ್ದು. ಹೆತ್ತವಳು ಹಾಲೂಡಿಸುತ್ತಾಳೆ, ಸಾಕುತ್ತಾಳೆ, ನನ್ನದು ಎಂದು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಜವರಾಯನ ಕಿವಿಗೆ ಬೀಳುತ್ತದೆ. ಕಾಳಮ್ಮನಿಗೆ ಮೂರು ಹೋಗಿದ್ದವು. ನಾಲ್ಕನೆಯದು ತಿಪ್ಪಮ್ಮ. ಆ ಮಗು ತನ್ನ ತಾಯಿಯನ್ನು ಕಾಳಕ್ಕ ಎಂದೇ ಕರೆಯುತ್ತಿತ್ತು. ಕಾನೂನಿನ ಪ್ರಕಾರ ನೋಟೀಸು ಕೊಡೋಣ ಎಂದು ನಾನು ಹಾರಾಡಿದಾಗ, ಯಾರಿಗೆ ಕೊಡ್ತೀಯಮ್ಮ, ತಿಪ್ಪೆಗೆ ಅಂಟಿಸಿ ಬರಬೇಕಷ್ಟೆ ಎಂದು ಮೇಷ್ಟ್ರು ಹೇಳಿದರು.

ಮೊದಲು ಸಿದ್ದಮ್ಮನ ಮನೆಗೆ ಹೋದೆ. ಕೊಂಡವಳು ನೀನೇ ತಾನೆ, ನಿನ್ನ ಹೆಸರಿಗೇ ಬರೆದುಕೊಳ್ಳುತ್ತೇನೆ ಎಂದೆ. ಆಕೆಗೆ ಮನಸ್ಸಿತ್ತು, ಗಂಡ ಅಡ್ಡಬಂದ. ಸರ್ಕಾರದ ಪುಸ್ತಕದಲ್ಲಿ ಹೆಸರು ಬಿದ್ದರೆ ನಾಳೆ ಜಮೀನಿನಲ್ಲಿ ಪಾಲು ಕೇಳುತ್ತಾಳೆ ಎಂದು ಅವನ ಹೆದರಿಕೆ. ಬೋರೇಗೌಡರನ್ನು ಕೇಳಿದರೆ, ಅವಳಂದಂಗೆ ಎಂದು ಹೆಂಡತಿಯ ಕಡೆ ಕೈ ತೋರಿಸಿ ಹೊಲಕ್ಕೆ ಹೋದರು. ಕಾಳಮ್ಮ ಒರಳಿನ ಮುಂದೆಯೇ ಇದ್ದಳು. ನಾನು ಓದಿದ್ದನ್ನೆಲ್ಲ ಹೇಳಿದೆ. ಕಾಯಿಲೆ ಯಾಕೆ ಬರುತ್ತದೆ, ನೀರು ಯಾಕೆ ಕಾಯಿಸಬೇಕು, ಹೆಸರಿಗೂ ಸಾವಿಗೂ ಸಂಬಂಧವಿಲ್ಲ, ಇತ್ಯಾದಿ. ಅವಳು ಒನಕೆ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡಳು. ಕೊನೆಗೆ ಒನಕೆಯನ್ನು ಗೋಡೆಗೆ ಒರಗಿಸಿದಳು.

"ನನ್ನವು ಅಂದಿದ್ದು ಮೂರೂವೆ ಮಣ್ಣಾದ್ವು. ಇವ್ಳನ್ನ ನನ್ನೋಳು ಅಂತ ಒಂದಿನಾನೂ ಅಂದಿಲ್ಲ. ಅದ್ಕೇ ಉಳ್ಕಂಡವ್ಳೆ. ಅಕ್ಸರ ಬ್ಯಾಡ ಅಂತ ನಾನೇನ್ ಅಂದಿಲ್ಲ ಅಮ್ಮಾರೆ. ನನ್ನ ಹೆಸ್ರಿಗೆ ಮಾತ್ರ ಬರೀಬ್ಯಾಡಿ."

ನನ್ನ ಓದೆಲ್ಲ ಅವಳ ಒರಳಿಗೆ ಬಿದ್ದು ಹುಡಿಯಾಯಿತು.  ಸಿದ್ದಮ್ಮನ ಗಂಡ ಒಲ್ಲೆ ಎಂದನಲ್ಲ, ಮತ್ತೆ ಯಾರ ಹೆಸರಿಗೆ ಬರೆಯಲಿ ಎಂದು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನೀವೇ ಕೊಂಡ್ಕಳಿ," ಎಂದಳು.

ನಂಜುಂಡಯ್ಯನವರು ತಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಾಗ ನನಗೆ ಬುದ್ಧಿ ಹೇಳಿದರು. ಅವರ ಹೆಸರನ್ನೇ ಹಾಕಬಹುದಿತ್ತು, ಆದರೆ ಅವರ ಒಂದು ಮಗು ಹೋಗಿತ್ತು; ಗಟ್ಟಿ ಕೈಯಲ್ಲ ಎಂದು ಕಾಳಮ್ಮ ಒಪ್ಪಲಾರಳು. ನಾನಾದರೆ ಒಂದನ್ನೂ ಕಳೆದುಕೊಂಡವಳಲ್ಲ. "ನಿನಗಿನ್ನೂ ಮದುವೆ ಆಗಬೇಕು ಶಾರದಮ್ಮ. ಪೋಷಕರು ಅನ್ನೋ ಕಡೆ ನಿನ್ನ ಹೆಸರು ಬಿದ್ದರೆ ನೂರು ಬಾಯಿ ನೂರು ಮಾತಾಡುತ್ತೆ. ಆ ಪುಸ್ತಕದಲ್ಲಿ ಬರೆದದ್ದನ್ನ ಅಳಿಸೋ ಹಾಗಿಲ್ಲ." ಬೇಲೂರಿನ ಸಂಬಂಧ ನೆನಪಾಯಿತು, ಅಪ್ಪನ ಮುಖ ನೆನಪಾಯಿತು. ಹೆದರಿಕೆಯೇ ಆಗಲಿಲ್ಲ ಎಂದರೆ ಸುಳ್ಳು. ಆದರೆ ಆ ಹುಡುಗಿಯ ಹೆಸರನ್ನು ಬಿಟ್ಟವಳು ನಾನು. ಮಾಡಿದ್ದುಣ್ಣೋ ಮಹಾರಾಯ ಎಂದ ಮೇಲೆ ಎಲೆಯ ಮುಂದೆ ಕೂರಲೇಬೇಕಲ್ಲ?

ಕೊನೆಯ ಶ್ರಾವಣ ಸೋಮವಾರ ಬೆಳಗ್ಗೆ, ಮೇಷ್ಟ್ರ ಹೆಂಡತಿಯಿಂದ ಒಂದು ಸೇರು ತೌಡು ಅಳೆಸಿಕೊಂಡು ಹೋದೆ. ಮನೆಯ ಹಿಂದೆ ತಿಪ್ಪೆಯ ಪಕ್ಕ ಕಾಳಮ್ಮ ಮೊರ ಇಟ್ಟುಕೊಂಡು ಕಾದಿದ್ದಳು. ಏಳು ವರ್ಷದ ಹುಡುಗಿ ಮೊರದಲ್ಲಿ ಹಿಡಿಸುತ್ತಾಳೆಯೇ? ಕಾಲೆರಡೂ ಹೊರಗೆ ಚಾಚಿ, ಕೂತಲ್ಲೇ ಕಿಸಿಕಿಸಿ ನಗುತ್ತಿದ್ದಳು. ಸಿದ್ದಮ್ಮ ಬಂದು, ನನಗೂ ಇದಕ್ಕೂ ಋಣ ತೀರಿತು ಎಂದು ಹೇಳಿ ಹಿಂದೆ ಸರಿದಳು. ಹೇಳಿಕೊಟ್ಟ ಮಾತನ್ನು ನಾನು ಹೇಳಬೇಕಿತ್ತು. ಹೇಳಿದೆ. "ಈ ಕೂಸು ನಂದು."

ಕಾಳಮ್ಮ ತೌಡನ್ನು ಸೆರಗಿನಲ್ಲಿ ಹುಯ್ಯಿಸಿಕೊಂಡಳು. ನಿಮ್ಮ ಮಗಳನ್ನ ಕರ್ಕೊಂಡೋಗಿ ಎಂದು ಹೇಳಿ, ತಿರುಗಿ ನೋಡದೆ ಕೊಟ್ಟಿಗೆಗೆ ಹೋಗಿ ಹಸುವಿನ ಮುಂದೆ ತೌಡು ಸುರಿದಳು. ಹಸು ತಿನ್ನುವಷ್ಟು ಹೊತ್ತೂ ಅದರ ಕೊರಳಿಗೆ ಮುಖ ಒತ್ತಿಕೊಂಡು ನಿಂತಿದ್ದಳು. ನಾನು ತಿಪ್ಪಮ್ಮನ ಕೈ ಹಿಡಿದುಕೊಂಡು ಶಾಲೆಗೆ ನಡೆದೆ. ಮೇಷ್ಟ್ರು ಪುಸ್ತಕ ತೆರೆದು, ಪೆನ್ನು ನನ್ನ ಕೈಗೇ ಕೊಟ್ಟರು. ಮಗುವಿಗೊಂದು ಒಳ್ಳೆಯ ಹೆಸರಿಡೋಣವೇ ಎಂದು ಕೇಳಿದೆ. ಬೇಡಮ್ಮ, ಆ ಹೆಸರೇ ಅದರ ರಕ್ಷೆ ಎಂದರು. ತಿಪ್ಪಮ್ಮ ಎಂದೇ ಬರೆದೆ. ತಂದೆ ಅಥವಾ ಪೋಷಕರು ಎಂಬಲ್ಲಿ ಶಾರದಮ್ಮ ಎಂದು ಬರೆದೆ. ದಮ್ಮ ಎಂಬುದು ಸಾಲಿನಿಂದ ಸ್ವಲ್ಪ ಕೆಳಗೆ ಇಳಿಯಿತು.

ಬಾವಿಕಟ್ಟೆಯ ಹೆಂಗಸರು ಬಿಟ್ಟಾರೆಯೇ? ಮೇಷ್ಟ್ರಮ್ಮನ ಬಾಣಂತನ ಯಾರು ಮಾಡಿದರು ಎಂದು ನನ್ನೆದುರಿಗೇ ಕೇಳಿಕೊಂಡು ನಕ್ಕರು. ಸುದ್ದಿ ಹಾರನಹಳ್ಳಿಗೆ ಮುಟ್ಟಿತು, ಅಲ್ಲಿಂದ ಬೇಲೂರಿಗೂ ಹಾರಿತು. ಅಪ್ಪ ಎರಡು ತಿಂಗಳು ನನಗೆ ಕಾಗದ ಬರೆಯಲಿಲ್ಲ. ಗಂಡಿನ ಮನೆಯಲ್ಲಿ ಮಾತು ಬಂದಾಗ, ಒಂದು ಸೇರು ತೌಡಿನಲ್ಲಿ ಮಗಳನ್ನ ತಂದಿರೋಳು ಸಂಸಾರ ಕಡಿಮೆ ಖರ್ಚಿನಲ್ಲಿ ನಡೆಸ್ತಾಳೆ ಎಂದು ಆ ಗಂಡೇ ಹೇಳಿ ಎಲ್ಲರ ಬಾಯಿ ಮುಚ್ಚಿಸಿದರಂತೆ. ತಾಲ್ಲೂಕು ಕಚೇರಿಯ ಆ ಗುಮಾಸ್ತರ ಜೊತೆ ಐವತ್ತು ವರ್ಷ ಬಾಳಿದೆ. ಆ ಮಾತಿಗಾಗಿಯೇ ಅವರ ಎಷ್ಟೋ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಂಡಿದ್ದೇನೆ.

ತಿಪ್ಪಮ್ಮ ಸಂಕ್ರಾಂತಿಯ ಹೊತ್ತಿಗೆ ಮಗ್ಗಿ ಮುಗಿಸಿದ್ದಳು. ತಕಲಿಯ ನೂಲು ಅವಳ ಕೈಯಲ್ಲಿ ಕಡಿಯುತ್ತಿರಲಿಲ್ಲ. ರಾಗಿ ಕಣದ ದಿನಗಳಲ್ಲಿ ಬೇರೆ ಮಕ್ಕಳು ಚಕ್ಕರ್ ಹೊಡೆದರೂ ಅವಳು ಬರುತ್ತಿದ್ದಳು. ಕಾಳಮ್ಮನೇ ಶಾಲೆಯ ಬೇಲಿಯವರೆಗೆ ಬಂದು ಬಿಟ್ಟು, ಮೇಷ್ಟ್ರಮ್ಮನ ಮಗಳು ಬಂದವ್ಳೆ ಎಂದು ಕೂಗಿ ಹೇಳಿ ಹೋಗುತ್ತಿದ್ದಳು. ಬೇಸಿಗೆಯಲ್ಲಿ ನನಗೆ ಅರಸೀಕೆರೆಗೆ ವರ್ಗವಾಯಿತು. ಹಳೇಬೀಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಕಾಳಮ್ಮ ಅಷ್ಟು ದೂರ ನಡೆದು ಬಂದಳು. ಸೆರಗಿನಲ್ಲಿ ಗಂಟು. ವಾಪಸು ಕೊಂಡುಕೊಳ್ಳಲು ತೌಡು ತಂದಿದ್ದಾಳೆ ಎಂದುಕೊಂಡೆ. ಕೊಡಬೇಕಾಗುತ್ತದಲ್ಲ ಎಂದು ಸಂಕಟವಾಯಿತು, ಆ ಸಂಕಟಕ್ಕೆ ನನಗೇ ನಾಚಿಕೆಯಾಯಿತು. ಬಿಚ್ಚಿದರೆ ಹುರಿಗಡಲೆ, ಬೆಲ್ಲ. ದಾರಿಗೆ ಎಂದಳು. ಮಗಳನ್ನ ವಾಪಸು ತಗೊಳ್ಳಲ್ವಾ ಎಂದು ಕೇಳಿದೆ. ಇನ್ನೂ ಧೈರ್ಯ ಬಂದಿಲ್ಲ, ನಿಮ್ಮ ಹೆಸರಲ್ಲೇ ಇರಲಿ ಎಂದು ಹೇಳಿ ಬಸ್ಸು ಹೊರಡುವ ಮುಂಚೆಯೇ ಹೊರಟುಹೋದಳು.

ಆಮೇಲೆ ಸಂಸಾರ, ವರ್ಗ, ನನ್ನವೇ ಎರಡು ಗಂಡುಮಕ್ಕಳು. ಮೊದಮೊದಲು ತಿಪ್ಪಮ್ಮನ ಕಾಗದ ಬರುತ್ತಿತ್ತು, ಆಮೇಲೆ ನಿಂತಿತು. ನಾನೂ ಬರೆಯಲಿಲ್ಲ.

ಮೊನ್ನೆ ಶಾಲೆಯ ಅಂಗಳದಲ್ಲಿ ಆಟೋ ಇಳಿಯುವಾಗ ಕೈ ಹಿಡಿದುಕೊಂಡವಳು ಅವಳೇ. ತಲೆ ಪೂರ್ತಿ ಬೆಳ್ಳಗಾಗಿದೆ. ಹಳೇಬೀಡಿನಲ್ಲಿ ಏಳನೆಯ ತರಗತಿ ಮುಗಿಸಿದಳಂತೆ, ಅಂಗನವಾಡಿಗಳು ಬಂದಾಗ ಕೆಲಸಕ್ಕೆ ಸೇರಿ ಅಲ್ಲೇ ನಿವೃತ್ತಿಯಾದಳಂತೆ. ಪಟ್ಟಿ ಮಾಡಲು ಹೋದಾಗ ಮಕ್ಕಳಿಲ್ಲ ಎಂದು ಯಾರಾದರೂ ಹೇಳಿದರೆ, ಅಂಗಳದಲ್ಲಿ ಒಂದು ಗಳಿಗೆ ಕೂತು ನೋಡಿಯೇ ಏಳುತ್ತಿದ್ದೆ ಎಂದಳು. ಕಾಳಮ್ಮನ ಬಗ್ಗೆ ಕೇಳಿದೆ. ತುಂಬ ವಯಸ್ಸಾಗಿ, ಆರು ವರ್ಷದ ಹಿಂದೆ ಹೋದಳಂತೆ. ಕೊನೆಗಾದರೂ ಮಗಳೇ ಅಂದಳಾ ಎಂದು ನನ್ನ ಬಾಯಿ ತಡೆಯದೆ ಕೇಳಿಬಿಟ್ಟೆ. ತಿಪ್ಪಮ್ಮ ಇಲ್ಲ ಎಂದು ತಲೆಯಾಡಿಸಿದಳು. 

"ಕೊನೇ ದಿನ ನನ್ನ ಕೈ ಹಿಡ್ಕಂಡು, 'ಮೇಷ್ಟ್ರಮ್ಮ ಯಾವಾಗಾದ್ರೂ ಬಂದ್ರೆ ಹೇಳು, ಅವ್ರ ಮಗಳ್ನ ಚೆನ್ನಾಗಿ ನೋಡ್ಕಂಡಿವ್ನಿ ಅಂತ' ಅಂದ್ಲು."

ನನಗೆ ಅಳು ತಡೆಯಲಾಗಲಿಲ್ಲ. ಈ ವಯಸ್ಸಿನಲ್ಲಿ ಅಂಗಳದ ನಡುವೆ ನಿಂತು ಅತ್ತುಬಿಟ್ಟೆ, ಅವಳು ನನ್ನ ಬೆನ್ನು ಸವರಿದಳು. ಪವಿತ್ರ ಏನೂ ತಿಳಿಯದೆ ನೀರು ತಂದುಕೊಟ್ಟಳು. ಒಳಗೆ ಕರೆದುಕೊಂಡು ಹೋಗಿ, ಆ ಹಳೆಯ ಪುಸ್ತಕದ ಸಾಲು ತೋರಿಸಿದಳು. ಶಾಯಿ ಮಾಸಿದೆ. ಕೆಳಕ್ಕೆ ಇಳಿದ ದಮ್ಮ ಹಾಗೇ ಇದೆ.

ವೇದಿಕೆಯ ಮೇಲೆ ನನ್ನ ಪರಿಚಯ ಓದಬೇಕೆಂದು ಪವಿತ್ರ ಚೀಟಿ, ಪೆನ್ನು ಹಿಡಿದು ಪಕ್ಕದಲ್ಲಿ ಕೂತಳು. ಹುಟ್ಟಿದ ಊರು, ಓದು, ಸೇವೆ ಮಾಡಿದ ಸ್ಥಳ ಎಲ್ಲ ಬರೆದುಕೊಂಡಳು. ನಿಮಗೆ ಮಕ್ಕಳೆಷ್ಟು ಮೇಡಂ ಎಂದು ಕೇಳಿದಳು. ಎರಡು ಎಂದು ನಾಲಿಗೆಯ ತುದಿಗೆ ಬಂದಿತ್ತು. ತಿಪ್ಪಮ್ಮ ಎದುರಿಗೇ ನಿಂತು ನನ್ನನ್ನು ನೋಡುತ್ತಿದ್ದಳು.

"ಎಣಿಸಬಾರದು ಕಣಮ್ಮ," ಎಂದೆ.